ಮೋರ್ಯರ ಕಲ್ಲಿನ ಕಂಡಿ

ವರ್ಷದ ಮೊದಲ ಮಳೆ ಬಂದಾಗ ಜನ ಏನೇನೋ ಮಾಡುತ್ತಾರೆ. ಕೆಲವರು ಮಣ್ಣಿನ ವಾಸನೆಗೆ ಮೂಗು ಅರಳಿಸಿ ನಿಲ್ಲುತ್ತಾರೆ. ಕೆಲವರು ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ತರಲು ಓಡುತ್ತಾರೆ. ನಾನು ಮಾತ್ರ ಬಾಗಿಲಲ್ಲಿ ನಿಂತು ಬಲಗೈ ಹೊರಗೆ ಚಾಚಿ, ಅಂಗೈ ಮೇಲೆ ನಾಲ್ಕು ಹನಿ ಬೀಳಿಸಿಕೊಂಡು, ಅವು ತಣ್ಣಗಿವೆಯೋ ಬಿಸಿಯಾಗಿವೆಯೋ ಎಂದು ನೋಡುತ್ತೇನೆ. ತಣ್ಣಗಿದ್ದರೆ ಮನೆಯವರೆಲ್ಲ ಅಂಗಳಕ್ಕೆ ಇಳಿಯಬಹುದು. ಇಲ್ಲಿಯವರೆಗೆ ಒಂದು ಸಲವೂ ಬಿಸಿ ಹನಿ ಬಿದ್ದಿಲ್ಲ. ಆದರೂ ನೋಡುವುದನ್ನು ನಾನು ಬಿಟ್ಟಿಲ್ಲ.

ನಗುವವರು ನಗಲಿ. ಕೆಲಸದಲ್ಲಿದ್ದಷ್ಟು ಕಾಲವೂ ನಾನು ಹೇಳಿಕೊಟ್ಟದ್ದು ನೀರು ಆವಿಯಾಗಿ, ಆವಿ ಮೋಡವಾಗಿ, ಮೋಡ ಮಳೆಯಾಗುವ ಪಾಠವನ್ನೇ. ಗಂಗಾವತಿಯ ಶಾಲೆಯಲ್ಲಿ ಬೋರ್ಡಿನ ಮೇಲೆ ಬಾಣದ ಗುರುತು ಬಿಡಿಸಿ ವಿವರಿಸುತ್ತಿದ್ದವಳು, ಹೊರಗೆ ನಾಲ್ಕು ಹನಿ ಬಿದ್ದ ಸದ್ದಾದ ಕೂಡಲೇ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ಕೈ ಚಾಚುತ್ತಿದ್ದೆ. ನಮ್ಮ ಟೀಚರಿಗೆ ಮಳೆಯೆಂದರೆ ಬಹಳ ಪ್ರೀತಿ ಎಂದು ಮಕ್ಕಳು ತಿಳಿದುಕೊಂಡಿದ್ದರು. ಹಾಗೇ ತಿಳಿದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಈ ವರ್ಷ ಮೊದಲ ಮಳೆ ಬಂದಾಗ ನಾನು ನಮ್ಮೂರಿನಲ್ಲಿ, ತಮ್ಮನ ಮನೆಯಲ್ಲಿದ್ದೆ. ತಮ್ಮನ ಮೊಮ್ಮಗಳು ಸ್ಫೂರ್ತಿ ಎರಡನೆಯ ಇಯತ್ತೆಯ ಹುಡುಗಿ. ಅವಳ ಕೈಯಲ್ಲಿ ಯಾವಾಗಲೂ ಒಂದು ರಬ್ಬರಿನ ಡೈನೋಸಾರ್ ಇರುತ್ತದೆ. ಊಟಕ್ಕೆ ಕೂತರೆ ಅದಕ್ಕೂ ಒಂದು ಚೂರು ರೊಟ್ಟಿ ಇಡಬೇಕು. ನಾನು ಕೈ ಚಾಚಿ ನಿಂತದ್ದನ್ನು ನೋಡಿ ಅವಳು ಪಕ್ಕಕ್ಕೆ ಬಂದು ನಿಂತಳು.

"ಅಮ್ಮ, ಏನ್ ನೋಡಾಕತ್ತೀರಿ?"

"ಮಳಿ ತಣ್ಣಗೈತೋ ಇಲ್ಲೋ ನೋಡಾಕತ್ತೀನಿ."

"ಬಿಸಿ ಮಳಿ ಎಲ್ಲಿರ್ತೈತಿ?"

"ಒಂದಾನೊಂದು ಕಾಲಕ್ಕ ಬಂದಿತ್ತಂತ. ಬೆಂಕಿ ಮಳಿ."

ಅವಳು ಆಶ್ಚರ್ಯಪಡಲಿಲ್ಲ. ರಬ್ಬರಿನ ಪ್ರಾಣಿಯನ್ನು ನನ್ನ ಮುಖದ ಮುಂದೆ ಹಿಡಿದು, "ಹೌದು, ಇವು ಸತ್ತದ್ದು ಅದಕ್ಕ" ಎಂದಳು. ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಕಟ್ಟೆಯ ಮೇಲೆ ಕೂತೆ. ಇದೇ ಮನೆಯಲ್ಲಿ, ಇದೇ ಬೆಂಕಿ ಮಳೆಯ ವಿಷಯಕ್ಕೆ, ನಾನು ಅವಳಷ್ಟಿದ್ದಾಗ ಒಂದು ದೊಡ್ಡ ರಂಪ ಆಗಿತ್ತು. ಅದನ್ನು ನಿಮಗೆ ಹೇಳಬೇಕು.

ನಮ್ಮ ಕಡೆ ತಾಯಿಗೆ ಅವ್ವ ಎನ್ನುತ್ತೇವೆ, ಅಜ್ಜಿಗೆ ಅಮ್ಮ. ನನ್ನ ಕತೆಯ ಅಮ್ಮ ಅಪ್ಪನ ತಾಯಿ. ಗಿಡ್ಡ ಹೆಂಗಸು, ದೊಡ್ಡ ದನಿ. ಸುತ್ತಲಿನ ಊರುಗಳಲ್ಲಿ ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿಕೊಂಡು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಯಾವುದಕ್ಕೂ ಹೆದರುವವಳಲ್ಲ. ತಹಶೀಲಿನ ಜವಾನ ಬಂದರೆ ಊರಿನ ಗಂಡಸರು ಹಿತ್ತಲ ಬಾಗಿಲು ಹುಡುಕುತ್ತಿದ್ದ ಕಾಲದಲ್ಲಿ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಅವನ ಹೆಂಡತಿ ಮಕ್ಕಳ ವಿಚಾರಿಸಿ, ಮಜ್ಜಿಗೆ ಕುಡಿಸಿ ಕಳಿಸಿದವಳು. ಅಂಥವಳು ಹೆದರುತ್ತಿದ್ದದ್ದು ಮೊದಲ ಮಳೆಗೆ ಮಾತ್ರ. ಮಳೆ ಶುರುವಾದರೆ ಯಾರೂ ಅಂಗಳಕ್ಕೆ ಇಳಿಯುವಂತಿಲ್ಲ. ಅಮ್ಮ ಬಾಗಿಲಿಗೆ ಬಂದು, ಅಂಗೈ ಚಾಚಿ, ಹನಿಗಳನ್ನು ಕೆನ್ನೆಗೆ ಒತ್ತಿ ನೋಡಿ, "ತಣ್ಣಗೈತಿ, ಹೋಗ್ರಿ" ಎಂದ ಮೇಲೆಯೇ ನಮಗೆ ಮಳೆ.

ಇದಕ್ಕೆ ಕಾರಣ ನಮ್ಮೂರಿನ ಬೆನ್ನಿಗಿದ್ದ ಗುಡ್ಡ. ಕೊಪ್ಪಳದಿಂದ ಗಂಗಾವತಿಗೆ ಹೋಗುವ ದಾರಿಯಲ್ಲಿ, ಹೇಮಗುಡ್ಡ ಇನ್ನೂ ಸ್ವಲ್ಪ ದೂರ ಇದೆ ಎನ್ನುವಾಗ, ಬಲಕ್ಕೋ ಎಡಕ್ಕೋ ಎಲ್ಲಿ ನೋಡಿದರೂ ಬಂಡೆ. ಅವುಗಳಲ್ಲಿ ಒಂದು ಮೋರ್ಯರ ಗುಡ್ಡ. ಮೇಲೆ ಹತ್ತಿದರೆ ಒಂದು ಊರೇ ಇದೆ, ಆದರೆ ಊರಿನಲ್ಲಿ ಯಾರೂ ಇಲ್ಲ. ನಾಲ್ಕು ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಪುಟ್ಟ ಕಲ್ಲಿನ ಮನೆಗಳು, ಸಾಲು ಸಾಲಾಗಿ. ಪ್ರತಿಯೊಂದರ ಮುಂದಿನ ಕಲ್ಲಿನಲ್ಲಿ ದುಂಡಗೆ ಕೊರೆದ ಒಂದು ಕಂಡಿ. ಬಾಗಿಲೇ ಇಲ್ಲ. ಇನ್ನೊಂದು ಕಡೆ ಒಂದು ದೊಡ್ಡ ಗುಂಡು, ಅದನ್ನು ಕಲ್ಲಿನಿಂದ ಬಡಿದರೆ ನಗಾರಿಯ ಹಾಗೆ ಕೆಳಗಿನ ಊರಿನವರೆಗೂ ಸದ್ದು ಕೇಳುತ್ತದೆ. ಸೀತಾಫಲದ ಕಾಲದಲ್ಲಿ ನಾವು ಗುಡ್ಡ ಹತ್ತಿದ್ದೇವೆಂಬುದು ಮನೆಗೆ ಗೊತ್ತಾಗುತ್ತಿದ್ದದ್ದು ಆ ಸದ್ದಿನಿಂದಲೇ, ಏಕೆಂದರೆ ಅದನ್ನು ಬಡಿಯದೆ ಇಳಿದು ಬರುವುದು ನಮ್ಮಿಂದ ಆಗುತ್ತಿರಲಿಲ್ಲ.

ಆ ಮನೆಗಳಲ್ಲಿ ಇದ್ದವರು ಮೋರ್ಯರು. ಅಮ್ಮ ಹೇಳಿದ ಪ್ರಕಾರ ಮೂರು ಗೇಣಿನ ಆಳುಗಳು, ಆದರೆ ಒಬ್ಬೊಬ್ಬರಿಗೂ ಆನೆಯ ಬಲ. ಬಲ ಹೆಚ್ಚಾಗಿ ಸೊಕ್ಕು ಬಂತು. ಆಕಾಶದಿಂದ ಬೆಂಕಿ ಮಳೆ ಬರುತ್ತದೆ ಎಂದು ಯಾರೋ ಹೇಳಿದರು. ಬರಲಿ ಎಂದು ಮೋರ್ಯರು ಕಲ್ಲಿನ ಮನೆ ಕಟ್ಟಿ ಒಳಗೆ ಕೂತರು. ಉಸಿರಾಡಲು ಮಾತ್ರ ಒಂದು ಕಂಡಿ ಬಿಟ್ಟುಕೊಂಡರು.

"ಆ ಕಂಡೀಲೆ ಬೆಂಕಿ ಒಳಗ ಬಂತು" ಎನ್ನುತ್ತಿದ್ದಳು ಅಮ್ಮ. "ಮುದುಕರು ಉಳೀಲಿಲ್ಲ, ಕೂಸು ಉಳೀಲಿಲ್ಲ. ಕುಲಕ್ಕ ಕುಲಾನ ಹೋತು. ಅಳಾಕೂ ಯಾರೂ ಉಳೀಲಿಲ್ಲ."

ಕೊನೆಯ ಮಾತನ್ನು ಹೇಳುವಾಗ ಅಮ್ಮನ ದೊಡ್ಡ ದನಿ ಸಣ್ಣದಾಗುತ್ತಿತ್ತು. ನನಗೆ ಮಾತ್ರ ಮೋರ್ಯರ ಸಾವಿಗಿಂತ ಅವರ ಅಳತೆಯಲ್ಲಿ ಆಸಕ್ತಿ. ಮೂರು ಗೇಣಿನವರು ಆ ಕಂಡಿಯಲ್ಲಿ ಹೋಗಿ ಬರುತ್ತಿದ್ದರೆಂದರೆ ನಾನೂ ಹೋಗಬಹುದು ಎಂದು ಲೆಕ್ಕ ಹಾಕಿ ಒಂದು ಮಧ್ಯಾಹ್ನ ತಲೆ ತೂರಿಸಿದೆ. ತಲೆ ಹೋಯಿತು, ಭುಜ ಹೋಯಿತು. ಆಮೇಲೆ ಹಬ್ಬದ ಹೋಳಿಗೆಗಳು ಅಡ್ಡ ಬಂದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕುರಿ ಕಾಯುವ ಒಬ್ಬ ಮುದುಕ ಬಂದು ನನ್ನ ಕಾಲು ಹಿಡಿದು, ಸಿಕ್ಕಿಕೊಂಡ ಟಗರನ್ನು ಎಳೆಯುವಂತೆ ಎಳೆದು ಹಾಕಿದ. ಹೊಟ್ಟೆಯ ಚರ್ಮ ತರಚಿತ್ತು. ಅಮ್ಮ ಎಣ್ಣೆ ಅರಿಶಿನ ಹಚ್ಚುತ್ತ, ಒಳಗೆ ಏನು ನೋಡಿದೆ ಎಂದು ಕೇಳಿದಳು. ಕತ್ತಲೆ ಅಂದೆ. ಅವಳು ತಲೆಯಾಡಿಸಿದಳು, ಅದೇ ಸರಿಯಾದ ಉತ್ತರ ಎನ್ನುವಂತೆ.

ಬೆಂಕಿ ಮಳೆಯನ್ನು ನಂಬದವನು ನಮ್ಮ ಮನೆಯಲ್ಲಿ ಒಬ್ಬನೇ, ಅಪ್ಪನ ತಮ್ಮ, ನನ್ನ ಕಾಕಾ. ಅವನು ಕೊಪ್ಪಳದ ಶಾಲೆಯಲ್ಲಿ ಮಾಸ್ತರ. ಆಗ ನಮ್ಮದು ನಿಜಾಮರ ಸೀಮೆ. ಪಾಠವೆಲ್ಲ ಉರ್ದುವಿನಲ್ಲಿ, ವಾರದ ರಜೆ ಶುಕ್ರವಾರ. ಗುರುವಾರ ಸಂಜೆ ಅವನ ಸೈಕಲ್ಲಿನ ಗಂಟೆ ಕೇಳಿದರೆ ನನಗೆ ಹಬ್ಬ. ಭೂಮಿಯ ಹಳೆಯ ಕಾಲದ ಬಗ್ಗೆ ಅವನು ಎಲ್ಲೆಲ್ಲಿಂದಲೋ ಓದಿಕೊಂಡು ಬಂದು ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದು ತೋರಿಸುತ್ತಿದ್ದ. ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ಒಂದು ಪ್ರಾಣಿ ಬರೆದ. ನಮ್ಮ ಎತ್ತುಗಳು ಅದರ ಹೊಟ್ಟೆಯ ಕೆಳಗೆ ನಿಂತು ಮೇವು ತಿನ್ನುತ್ತಿದ್ದವು. ಅಮ್ಮ ಸಗಣಿ ಬಾಚಲು ಬಂದವಳು ನಿಂತು ನೋಡಿದಳು.

"ಇದು ಉಡ" ಎಂದಳು.

"ಉಡ ಅಲ್ಲ ಬೇ. ಉಡದ ಜಾತೀದು. ಮಾಳಿಗಿಕಿಂತಾ ಎತ್ತರ ಇತ್ತು."

"ಏನ್ ತಿಂತಿತ್ತು?"

"ಸೊಪ್ಪು."

"ಹಾಲು ಕೊಡ್ತಿತ್ತೇನು?"

"ಇಲ್ಲ. ತತ್ತಿ ಇಡ್ತಿತ್ತು."

"ಮತ್ತ ಎಲ್ಲಿ ಹೋದವು?"

"ಸತ್ತವು. ಒಂದೂ ಉಳೀಲಿಲ್ಲ. ಮನಷ್ಯಾ ಹುಟ್ಟಾಕಿಂತ ಭಾಳ ಭಾಳ ಮೊದಲ."

"ಯಾಕ ಸತ್ತವು?"

ಕಾಕಾ ಇದ್ದಿಲಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಸುಳ್ಳು ಹೇಳುವ ಮಾಸ್ತರ ಅಲ್ಲ ಅವನು. "ಅದು ಯಾರಿಗೂ ಗೊತ್ತಿಲ್ಲ" ಎಂದ.

"ನನಗ ಗೊತ್ತೈತಿ. ಬೆಂಕಿ ಮಳಿ ಬಂದಿರತೈತಿ" ಎಂದು ಅಮ್ಮ ಸಗಣಿಯ ಬುಟ್ಟಿ ಎತ್ತಿಕೊಂಡು ಹೋದಳು. ಕಾಕಾ ಬಹಳ ಹೊತ್ತು ನಕ್ಕ. ಅವನು ನಕ್ಕನೆಂದು ನಾನೂ ನಕ್ಕೆ.

ಆ ವರ್ಷ ಅಪ್ಪ ಹೊಸ ಮನೆ ಕಟ್ಟಿಸಲು ಕೈ ಹಾಕಿದ. ಹಳೆಯ ಮನೆಯ ಪಕ್ಕದಲ್ಲೇ ಒಂದು ಪಡಸಾಲೆ, ಒಂದು ಅಡುಗೆ ಮನೆ, ಹಿಂದೆ ಒಂದು ಒಳಕೋಣೆ. ಆ ಕೋಣೆಗೆ ಒಂದು ವಿಶೇಷ ಉದ್ದೇಶ ಇತ್ತು. ಅವ್ವ ಬಸುರಿ. ನನ್ನ ಬೆನ್ನಿಗೆ ಅವಳು ಹಡೆದ ಇಬ್ಬರು ಗಂಡುಮಕ್ಕಳು ಉಳಿದಿರಲಿಲ್ಲ. ಇಬ್ಬರೂ ಅವಳ ತವರಿನಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಹೋದರು. ಈ ಸಲ ಅಮ್ಮ ಬೀಗರಿಗೆ ಹೇಳಿ ಕಳಿಸಿಬಿಟ್ಟಿದ್ದಳು, ಸೊಸೆಯನ್ನು ಕಳಿಸುವುದಿಲ್ಲ, ಕೂಸು ನನ್ನ ಕೈಯಲ್ಲೇ ಹುಟ್ಟಲಿ ಎಂದು. ಪದ್ಧತಿ ಬಿಟ್ಟ ಮಾತು, ಆದರೆ ಅಮ್ಮನ ಕೈಗುಣ ಎಲ್ಲರಿಗೂ ಗೊತ್ತಿತ್ತು. ಅವ್ವನಂತೂ ಆ ಮಾತು ಕೇಳಿದ ದಿನದಿಂದ ಸರಿಯಾಗಿ ಊಟ ಮಾಡತೊಡಗಿದ್ದಳು.

ಒಳಕೋಣೆಗೆ ಗಾಳಿ ಬೇಕು. ಬಡಗಿಯ ಕೈಯಲ್ಲಿ ಕಿಟಕಿ ಮಾಡಿಸುವ ಬದಲು ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ಮೋರ್ಯರ ಗುಡ್ಡದ ಬುಡದಲ್ಲಿ ಒಂದು ಕಂಡಿಯ ಕಲ್ಲು ಮೇಲಿನಿಂದ ಜಾರಿ ಬಂದು ಇಡಿಯಾಗಿ ಬಿದ್ದಿತ್ತು. ಕೊರೆಯುವ ಕೆಲಸವಿಲ್ಲ, ಕೆತ್ತುವ ಕೆಲಸವಿಲ್ಲ, ತಯಾರಾದ ಕಿಟಕಿ. ಗಾಡಿ ಹೂಡಿಕೊಂಡು ಹೋಗಿ ತಂದು ಹಿಂದಿನ ಗೋಡೆಗೆ ಕೂಡಿಸಿಬಿಟ್ಟ. ಕಳ್ಳ ನುಗ್ಗಬಾರದೆಂದು ಕಂಡಿಗೆ ಎರಡು ಜಾಲಿಯ ಕೋಲು ಅಡ್ಡ ಹಾಕಿದ. ಅಮ್ಮ ಆಗ ಆನೆಗೊಂದಿಯಲ್ಲಿ ಯಾರದೋ ಹೆರಿಗೆಗೆ ಹೋಗಿದ್ದಳು. ಬರುವಷ್ಟರಲ್ಲಿ ಕಲ್ಲಿನ ಮೇಲೆ ಜಂತಿ ಕೂತಿತ್ತು, ಜಂತಿಯ ಮೇಲೆ ಮಾಳಿಗೆಯ ಮಣ್ಣು ಬಿದ್ದಿತ್ತು.

ಮೋರ್ಯರ ಕಲ್ಲು ಊರಿಗೆ ತರುವುದು ಹೊಸದೇನೂ ಅಲ್ಲ. ಊರಿನ ಅರ್ಧ ಬಚ್ಚಲುಗಳಲ್ಲಿ, ಬಟ್ಟೆ ಒಗೆಯುವ ಕಟ್ಟೆಗಳಲ್ಲಿ ಇದ್ದದ್ದು ಅವೇ ಚಪ್ಪಡಿಗಳು. ಆದರೆ ಕಂಡಿಯ ಕಲ್ಲನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅಪ್ಪ ಕೇಳಬೇಕಿತ್ತು.

ಅಮ್ಮ ಹಿತ್ತಲಿಗೆ ಹೋಗಿ ಗೋಡೆ ನೋಡಿದಳು. ಕೈಯಲ್ಲಿದ್ದ ಗಂಟನ್ನು ಅಲ್ಲೇ ಇಟ್ಟಳು.

"ಕುಲಾನ ಹೋದವರ ಮನೀ ಬಾಗಲಾ ಇದು" ಎಂದಳು. "ಇದನ್ನ ತಂದು ನನ್ನ ಸೊಸಿ ತಲಿದಿಂಬಿನ ಹಿಂದ ಇಟ್ಟೀಯಲ್ಲೋ."

"ಊರಾಗ ಯಾರ ಮನ್ಯಾಗ ಇಲ್ಲ ಬೇ ಮೋರ್ಯರ ಕಲ್ಲು?" ಅಂದ ಅಪ್ಪ.

"ಕಂಡೀದು ಎಲ್ಲೈತಿ ತೋರಸು."

ಅಪ್ಪನಿಗೆ ತೋರಿಸಲು ಆಗಲಿಲ್ಲ. ತೆಗೆಸಲೂ ಆಗಲಿಲ್ಲ. ಕಲ್ಲು ತೆಗೆದರೆ ಜಂತಿ ಕುಸಿಯುತ್ತದೆ, ಮಳೆಗಾಲ ಹತ್ತಿರ ಬಂದಿದೆ, ಆಳುಗಳೆಲ್ಲ ಹೊಲದ ಕಡೆ ಹೊರಟಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಅವನೂ ಅದೇ ಅಮ್ಮನ ಮಗ. ಒಮ್ಮೆ ಇಟ್ಟದ್ದನ್ನು ತೆಗೆಯುವ ಸ್ವಭಾವ ಅವನದಲ್ಲ. ಗೃಹಪ್ರವೇಶಕ್ಕೆ ಹುಗ್ಗಿ ಮಾಡಿದರು. ಅಮ್ಮ ತನ್ನ ಪಾಲಿನ ಹುಗ್ಗಿಯನ್ನು ಹಳೆಯ ಮನೆಗೇ ತರಿಸಿಕೊಂಡು ಉಂಡಳು. ಹಳೆಯ ಮನೆಯೆಂದರೆ ಉಳಿದದ್ದು ಒಂದು ಪಡಸಾಲೆ ಮಾತ್ರ. ಹಿಂದಿನ ಭಾಗದ ಜಂತಿಗಳನ್ನೆಲ್ಲ ಅಪ್ಪ ಕಿತ್ತು ಹೊಸ ಮನೆಗೆ ಹಾಕಿದ್ದ. ಉಳಿದ ಮಾಳಿಗೆಯೂ ಮಳೆ ಬಂದರೆ ಸೋರುವಂಥದ್ದು. ಆ ಪಡಸಾಲೆಯಲ್ಲಿ ಅಮ್ಮ, ಅವಳ ಚಾಪೆ, ಅವಳ ಎಲೆ ಅಡಿಕೆಯ ಸಂಚಿ.

ಅವ್ವ ಹಗಲೆಲ್ಲ ಹೊಸ ಮನೆಯಲ್ಲಿ ಕೆಲಸ ಮಾಡಿ ಮಧ್ಯೆ ಮಧ್ಯೆ ಬಂದು ಅಮ್ಮನ ಎದುರಿಗೆ ಕೂರುತ್ತಿದ್ದಳು. ಒಂದು ದಿನ ಹೇಳಿಯೇಬಿಟ್ಟಳು. "ಅತ್ತಿ, ನೀವು ಬರಲಿಲ್ಲಂದ್ರ ನಾನೂ ಆ ಕ್ವಾಣಿಗೆ ಹೋಗಂಗಿಲ್ಲ. ನಿಮ್ಮ ಕೈ ಇಲ್ಲದ ಈ ಕೂಸೂ ಉಳಿಯಂಗಿಲ್ಲ."

"ಹಂಗ ಬಾಯಿಗೆ ತರಬ್ಯಾಡ" ಎಂದಳು ಅಮ್ಮ. ಬರುತ್ತೇನೆ ಎನ್ನಲಿಲ್ಲ. ಅವಳಿಗೆ ಹಟವಿತ್ತು ಎಂದು ಊರೆಲ್ಲ ಆಡಿಕೊಂಡಿತು. ಹಟವಲ್ಲ, ಹೆದರಿಕೆ. ಎರಡು ಕೂಸುಗಳು ಹೋದ ಮೇಲೆ ಮೂರನೆಯದನ್ನು ತಾನು ಎತ್ತಿ ಹಿಡಿಯುತ್ತೇನೆಂದು ಮಾತು ಕೊಟ್ಟವಳು ಅವಳು. ಆ ಕಂಡಿಯಿಂದ ಏನಾದರೂ ಒಳಗೆ ಬಂದರೆ ಎಂಬ ಯೋಚನೆ ಅವಳನ್ನು ತಿನ್ನುತ್ತಿತ್ತು.

ಈ ಬಿಕ್ಕಟ್ಟನ್ನು ಬಿಡಿಸುತ್ತೇನೆಂದು ಕಾಕಾ ಒಂದು ಶುಕ್ರವಾರ ಅಮ್ಮನ ಎದುರಿಗೆ ಕೂತ. ಓದಿದವರು ಮನೆಯ ಜಗಳಕ್ಕೆ ಪುಸ್ತಕ ತಂದರೆ ಏನಾಗುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ಅಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು.

"ಯವ್ವಾ, ಸತ್ತವರ ಕಲ್ಲು ಅಂತ ಹೆದರ್ತಿ. ಈ ಸುಣ್ಣ ಏನಂತ ಗೊತ್ತೈತೇನು ನಿನಗ?"

"ಸುಣ್ಣ ಅಂದ್ರ ಸುಣ್ಣ."

"ಸುಣ್ಣ ಅಂದ್ರ ಸತ್ತ ಜೀವದ ಚಿಪ್ಪು. ಹೊಳೀ ಚಿಪ್ಪು ಸುಟ್ಟರೂ ಸುಣ್ಣ, ಸುಣ್ಣದ ಕಲ್ಲು ಸುಟ್ಟರೂ ಸುಣ್ಣ. ಆ ಕಲ್ಲು ಆಗಿದ್ದು ಹೆಂಗ? ಹಳೇ ಕಾಲಕ್ಕ ಸಮುದ್ರದಾಗ ಇದ್ದ ಜೀವ ಸತ್ತು ತಳದಾಗ ಬಿದ್ದು ಬಿದ್ದು ಆಗಿದ್ದು. ಅವುಗಳ ಕುಲಾನೂ ಮುಗದೈತಿ. ಒಂದು ಸಲ ಅಲ್ಲ, ಎಷ್ಟೋ ಸಲ ಹಂಗ ಕುಲಕ್ಕ ಕುಲ ಮುಗದು ಹೊಸಾವು ಹುಟ್ಯಾವ. ನೀ ದಿನಾ ಅವರನ್ನ ಎಲಿಗೆ ಹಚ್ಚಿ ತಿಂತಿ. ನಿನಗೇನರ ಆಗೈತೇನು?"

ಕಾಕಾನ ಮುಖದಲ್ಲಿ ಗೆದ್ದ ಕಳೆ ಇತ್ತು. ಅಮ್ಮ ಬೆರಳ ತುದಿಯ ಸುಣ್ಣವನ್ನು ನೋಡಿದಳು. ನಿಧಾನವಾಗಿ ಅದನ್ನು ಕಂಬಕ್ಕೆ ಒರೆಸಿದಳು. ಸುಣ್ಣದ ಡಬ್ಬಿಯನ್ನು ಮುಚ್ಚಿ ಕಾಕಾನ ಕೈಗೆ ಕೊಟ್ಟಳು.

"ಹೊರಗ ಒಗದು ಬಾ" ಎಂದಳು. ಆಮೇಲೆ ಏನೋ ನೆನಪಾಗಿ, "ಹೊಸ ಮನೀ ಗ್ವಾಡಿಗೆಲ್ಲ ಇದನ್ನ ಬಳದೀರಿ?" ಎಂದು ಕೇಳಿದಳು.

ಅಲ್ಲಿಗೆ ಒಂದು ಕಲ್ಲಿನ ತಕರಾರು ಇಡೀ ಮನೆಯ ತಕರಾರು ಆಯಿತು. ಅಪ್ಪ ತಮ್ಮನ ಮೇಲೆ ಹರಿಹಾಯ್ದ. ಕಾಕಾ ಆ ವಾರ ಮುಂಜಾನೆಯ ರೊಟ್ಟಿಗೂ ಕಾಯದೆ ಕೊಪ್ಪಳದ ದಾರಿ ಹಿಡಿದ. ಇತ್ತ ಅಮ್ಮ ಸುಣ್ಣ ಬಿಟ್ಟಳು. ಸುಣ್ಣವಿಲ್ಲದ ಎಲೆ ಅಡಿಕೆಗೆ ಕೆಂಪು ಬರುವುದಿಲ್ಲ, ರುಚಿಯೂ ಇಲ್ಲ. ಎರಡು ದಿನ ಹಾಗೇ ಅಗಿದು ನೋಡಿ, ಎಲೆಯನ್ನೂ ಬಿಟ್ಟಳು. ಎಲೆ ಇಲ್ಲದ ಅಮ್ಮನನ್ನು ಸಹಿಸುವುದು ಸುಲಭದ ಮಾತಲ್ಲ. ಬೆಕ್ಕಿಗೆ ಬೈದಳು, ನನ್ನ ಜಡೆಗೆ ಬೈದಳು, ಹಾದಿಯಲ್ಲಿ ಹೋಗುವವರ ಗಾಡಿಯ ಗಾಲಿ ಕಿರುಗುಟ್ಟಿದ್ದಕ್ಕೆ ಬೈದಳು. ಜೀವಮಾನವಿಡೀ ಕೆಂಪಗಿದ್ದ ಅವಳ ತುಟಿ ಬೆಳ್ಳಗಾಗಿ, ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂದಿತ್ತು.

ದಿನ ತುಂಬುತ್ತ ಬಂತು. ಅಪ್ಪ ಗಂಗಾವತಿಯಿಂದ ಬೇರೆ ಸೂಲಗಿತ್ತಿಯನ್ನು ಕರೆಸುವ ಮಾತಾಡಿದ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಹಾಗೆ ಮಲಗಿದಾಗಲೇ ಅವಳ ಕಣ್ಣಿಗೆ ಗುಬ್ಬಿ ಬಿದ್ದದ್ದು.

ಗೋಡೆ ದಪ್ಪ, ಕಲ್ಲು ತೆಳು. ಹೀಗಾಗಿ ಕಂಡಿಯ ಅಂಚಿಗೆ, ಜಾಲಿಯ ಕೋಲಿನ ಹಿಂದೆ, ಒಂದು ಪೊಟರೆಯಂಥ ಜಾಗ ಉಳಿದಿತ್ತು. ಅದರಲ್ಲಿ ಒಂದು ಜೋಡಿ ಗುಬ್ಬಿ ಹುಲ್ಲು ತುರುಕಿ ಗೂಡು ಮಾಡಿತ್ತು. ಗಂಡು ಬರುವುದು, ಹೋಗುವುದು. ಹೆಣ್ಣು ಒಳಗೆ ಕೂತೇ ಇರುವುದು. ಮಳೆಯ ಇರಚಲು ಬರುತ್ತದೆಂದು ಅಪ್ಪ ಕಂಡಿಗೆ ಗೋಣಿಯ ಚೀಲ ತುರುಕಲು ಬಂದಾಗ ಅವ್ವ ಬಿಡಲಿಲ್ಲ. ಮನೆಯಲ್ಲಿ ಗುಬ್ಬಿ ತತ್ತಿ ಇಟ್ಟ ಮೇಲೆ ಗೂಡು ಕೀಳುವ ಮನೆ ನಮ್ಮ ಕಡೆ ಇರಲಿಲ್ಲ. ಅಪ್ಪ ಚೀಲ ಹಿಡಿದುಕೊಂಡು ವಾಪಸು ಹೋದ.

ಅವ್ವ ನನ್ನನ್ನು ಕರೆದು, "ಅಮ್ಮಗ ಹೇಳಿ ಬಾ" ಎಂದಳು. ನಾನು ಓಡಿದೆ. ಮೋರ್ಯರ ಕಂಡಿಯಲ್ಲಿ ಗುಬ್ಬಿ ತತ್ತಿ ಇಟ್ಟಿದೆ ಎಂದೆ.

"ಅದಕ್ಕೇನ್ ಗೊತ್ತು, ಪಾಪ" ಎಂದಳು ಅಮ್ಮ.

ಆದರೆ ಮಧ್ಯಾಹ್ನ ಹಿತ್ತಲಿಗೆ ಬಂದು, ಗೋಡೆಯಿಂದ ಮಾರು ದೂರದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಮರುದಿನವೂ ಬಂದಳು. ಅದರ ಮರುದಿನ ಕೂರಲು ಒಂದು ಗೋಣಿ ತಂದಳು. ಆಮೇಲೆ ಒಂದು ಕೋಲು ತಂದಳು. ಕೋ ಎಂದರೆ ಕಾಗೆ ಹೆದರಿ ಓಡಬೇಕು, ಬೆಕ್ಕು ಹಿತ್ತಲಿನ ಹತ್ತಿರ ಸುಳಿಯಬಾರದು. ಒಂದು ಹಿಡಿ ನವಣೆ ತಂದು ನನ್ನ ಕೈಗೆ ಕೊಟ್ಟು, ಕಂಡಿಯ ಅಂಚಿಗೆ ಹಾಕು ಎನ್ನುವಳು. ತಾನು ಮಾತ್ರ ಕಲ್ಲನ್ನು ಮುಟ್ಟಲಾರಳು.

ಅವಳು ತನ್ನೊಳಗೆ ಏನೋ ಪಣ ಕಟ್ಟಿದ್ದಾಳೆ ಎಂದು ನನಗೆ ಗೊತ್ತಾಗಿತ್ತು. ಆ ಕಂಡಿಯಲ್ಲಿ ಹುಟ್ಟಿದ ಮರಿ ಉಳಿದರೆ ಆ ಕೋಣೆಯಲ್ಲಿ ಹುಟ್ಟುವ ಕೂಸೂ ಉಳಿದೀತು. ಪಣ ಕಟ್ಟಿದವರು ದೂರ ಕೂತು ಏನಾಗುತ್ತದೋ ನೋಡಬೇಕು. ಅಮ್ಮ ಕೋಲು ಹಿಡಿದು ಕಾಯುತ್ತಿದ್ದಳು. ತಾನೇ ಹಾಕಿದ ತಕರಾರಿನಲ್ಲಿ ತಾನು ಸೋಲಬೇಕೆಂದು ಅಷ್ಟು ಕಷ್ಟಪಟ್ಟವರನ್ನು ನಾನು ಮತ್ತೆ ನೋಡಿಲ್ಲ.

ಒಂದು ದಿನ ಕಂಡಿಯೊಳಗಿಂದ ಸಣ್ಣ ಸಣ್ಣ ಚೀಂವ್ ಸದ್ದು ಬಂತು. "ಒಡದಾವ" ಎಂದಳು ಅಮ್ಮ. ಅಷ್ಟೇ. ಅಂದು ಯಾರಿಗೂ ಬೈಯಲಿಲ್ಲ.

ಅದಾಗಿ ಕೆಲವು ದಿನಕ್ಕೆ, ಮಧ್ಯಾಹ್ನದ ಹೊತ್ತು, ಗುಡ್ಡದ ಮೇಲಿನಿಂದ ಕಪ್ಪಾಗಿ ಮೋಡ ಎದ್ದು ಬಂತು. ಅಮ್ಮ ಹಿತ್ತಲಲ್ಲೇ ಕೂತಿದ್ದಳು. ಮೊದಲ ಹನಿ ಬಿತ್ತು. ಅವಳು ಎದ್ದು ನಿಂತು ಅಂಗೈ ಚಾಚಿದಳು. ನಾನು ಪಡಸಾಲೆಯ ಅಂಚಿನಲ್ಲಿ ಅಪ್ಪಣೆಗೆ ಕಾಯುತ್ತಿದ್ದೆ. ಹನಿಯನ್ನು ಕೆನ್ನೆಗೆ ಒತ್ತಿಕೊಂಡಳು. ಆದರೆ ಹೋಗ್ರಿ ಎನ್ನಲಿಲ್ಲ. ಕಂಡಿಯ ಕಡೆಗೇ ನೋಡುತ್ತಿದ್ದಳು. ಇರಚಲು ಒಳಗೆ ಹೊಡೆಯುತ್ತಿತ್ತು. ತಾಯಿ ಗುಬ್ಬಿ ಎಲ್ಲಿಗೋ ಹೋಗಿತ್ತು. ಮರಿಗಳ ಸದ್ದೂ ನಿಂತಿತ್ತು.

ಅಮ್ಮ ಗೋಡೆಯ ಹತ್ತಿರ ಹೋದಳು. ನೆಲದ ಮೇಲಿದ್ದ ಒರಳುಕಲ್ಲಿನ ಮೇಲೆ ಹತ್ತಿ, ಒಂದು ಕೈಯನ್ನು ಮೋರ್ಯರ ಕಲ್ಲಿಗೆ ಊರಿ, ಕಂಡಿಯೊಳಗೆ ಮುಖ ಇಟ್ಟಳು. ಎರಡು ತಿಂಗಳಿಂದ ಮುಟ್ಟದ ಕಲ್ಲು. ಒಳಗಿಂದ ಹಳದಿ ಬಾಯಿಗಳು ಒಟ್ಟಿಗೆ ತೆರೆದು ಕೂಗಿದವು. ಅಮ್ಮನನ್ನು ತಾಯಿಯೆಂದು ತಿಳಿದಿರಬೇಕು.

"ಎಲ್ಲಾ ಅದಾವ" ಎಂದಳು ಅಮ್ಮ. ಸೆರಗನ್ನು ಹರಿದು, ಮಡಚಿ, ಇರಚಲಿಗೆ ಅಡ್ಡವಾಗಿ ಜಾಲಿಯ ಕೋಲಿಗೆ ಕಟ್ಟಿದಳು.

ಆಗಲೇ ಗೋಡೆಯ ಆಚೆಯಿಂದ, ಅದೇ ಕಂಡಿಯೊಳಗಿಂದ, ಅವ್ವನ ದನಿ ಬಂತು. "ಅತ್ತಿ, ಬ್ಯಾನಿ ಸುರು ಆಗ್ಯಾವ್ರಿ."

ಅಮ್ಮ ಒರಳುಕಲ್ಲಿನಿಂದ ಇಳಿದು, ಮಳೆಯಲ್ಲೇ ಸುತ್ತುಹಾಕಿ, ಮುಂಬಾಗಿಲಿನಿಂದ ಹೊಸ ಮನೆಯೊಳಗೆ ಹೋದಳು. ಬಲಗಾಲು ಮೊದಲು ಇಡುವುದನ್ನು ಮರೆಯಲಿಲ್ಲ. ಕಾಗೆ ಓಡಿಸುವ ಕೋಲು ಮಾತ್ರ ಕೈಯಲ್ಲೇ ಇತ್ತು. ಅಪ್ಪ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಮಳೆ ನಿಲ್ಲುವ ಮೊದಲೇ ಕೂಸು ಅತ್ತಿತು. ಗಂಡು. ಅಮ್ಮ ಹೊರಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕಾಲು ಚಾಚಿದಳು. ಅಪ್ಪ ಎದುರಿಗೆ ಬಂದು ನಿಂತ.

"ಸುಣ್ಣ ತಾ" ಎಂದಳು ಅಮ್ಮ.

ಆ ಕೂಸೇ ನನ್ನ ತಮ್ಮ. ಶಾಲೆಯ ದಾಖಲೆಯಲ್ಲಿ ಅವನಿಗೊಂದು ಗಂಭೀರವಾದ ಹೆಸರಿದೆ. ಊರಿಗೆ ಮಾತ್ರ ಅವನು ಗುಬ್ಬಣ್ಣ. ಈಗ ಮಂಚದ ಮೇಲೆ ಕೂತರೆ ಮಂಚ ಕಿರುಗುಟ್ಟುವಷ್ಟು ದಪ್ಪ, ಆದರೂ ಗುಬ್ಬಣ್ಣ.

ಬಹಳ ವರ್ಷಗಳ ಮೇಲೆ, ಅಮ್ಮ ತೀರಿಹೋಗಿ ಎಷ್ಟೋ ಕಾಲದ ನಂತರ, ಕಾಕಾ ಒಂದು ಮುಂಜಾನೆ ಪೇಪರು ಹಿಡಿದುಕೊಂಡು ನನ್ನ ಮನೆಗೆ ಬಂದ. ಅವನೂ ಆಗ ಮುದುಕ. ಆ ದೊಡ್ಡ ಉಡಗಳ ಕಾಲ ಮುಗಿದದ್ದು ಆಕಾಶದಿಂದ ಬಿದ್ದ ಒಂದು ಮಹಾ ಬಂಡೆಯಿಂದ ಇರಬೇಕು, ಬಂಡೆ ಬಡಿದ ಹೊಡೆತಕ್ಕೆ ಮೇಲೆ ಚಿಮ್ಮಿದ್ದೆಲ್ಲ ಕಾದ ಕೆಂಡವಾಗಿ ಭೂಮಿಯ ಮೇಲೆ ಸುರಿದಿರಬೇಕು ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆಂದು ಅದರಲ್ಲಿ ಬರೆದಿತ್ತು. ಕಾಕಾ ಕನ್ನಡಕ ತೆಗೆದು ಒರೆಸಿದ.

"ಪಾರಿ, ಅಂದು ಕೊಟ್ಟಿಗ್ಯಾಗ ನಾ ಭಾಳ ನಕ್ಕಿದ್ದೆ" ಎಂದ. "ಇದನ್ನ ನಮ್ಮವ್ವಗ ಓದಿ ಹೇಳಬೇಕಿತ್ತು."

"ಓದಿ ಹೇಳಿದ್ರ ಏನಂತಿದ್ದಳು?"

"ಏನೂ ಅಂತಿದ್ದಿಲ್ಲ. ಸಗಣಿ ಬುಟ್ಟಿ ಎತ್ತಿಕೊಂಡು ಹೋಗ್ತಿದ್ದಳು."

ಅಮ್ಮ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಮೋರ್ಯರ ಮೇಲೆ ಬೆಂಕಿ ಬಿದ್ದಿರಲಿಲ್ಲ. ಆ ಕಲ್ಲಿನ ಮನೆಗಳು ಹಳೆಯ ಕಾಲದವರು ತಮ್ಮ ಸತ್ತವರಿಗಾಗಿ ಕಟ್ಟಿದ ಗೋರಿಗಳು ಎಂದು ತಿಳಿದವರು ಹೇಳುತ್ತಾರೆ. ಕಟ್ಟಿದವರು ನಮ್ಮ ನಿಮ್ಮಷ್ಟೇ ಎತ್ತರದವರು. ಅವರ ಕುಲ ಮುಗಿದಿದೆಯೋ, ಅಥವಾ ಅವರೇ ನಾವಾಗಿ ಕೆಳಗಿಳಿದು ಬಂದು ಜೋಳ ಬಿತ್ತುತ್ತಿದ್ದೇವೋ ಯಾರು ಹೇಳಬೇಕು? ಎತ್ತರದ ಲೆಕ್ಕ ಏನೇ ಇರಲಿ, ಅಮ್ಮನ ಗಿಡ್ಡ ಮೈಕಟ್ಟನ್ನು ನೆನೆದರೆ ನನಗೆ ಎರಡನೆಯದೇ ನಿಜ ಅನಿಸುತ್ತದೆ.

ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ಸ್ಫೂರ್ತಿಗೆ ಹೇಳಿದೆ. ಅವಳು ರಬ್ಬರಿನ ಪ್ರಾಣಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದಳು.

"ಎಲ್ಲಾ ಸತ್ತಿಲ್ಲಮ್ಮ" ಎಂದಳು ಕೊನೆಗೆ. "ನಮ್ಮ ಮಿಸ್ ಹೇಳ್ಯಾರ. ಡೈನೋಸಾರದಾಗ ಸಣ್ಣ ಸಣ್ಣವು ಒಂದಿಷ್ಟು ಉಳದು ಹಕ್ಕಿ ಆಗ್ಯಾವಂತ. ಕೋಳಿ, ಕಾಗಿ, ಗುಬ್ಬಿ, ಎಲ್ಲಾ ಅವ."

ನಾನು ಅವಳ ಮುಖವನ್ನೇ ನೋಡಿದೆ. ಹಾಗಾದರೆ ಬೆಂಕಿ ಮಳೆಯನ್ನು ದಾಟಿ ಬಂದ ಜೀವವನ್ನೇ ಅಮ್ಮ ಅಂದು ಕೋಲು ಹಿಡಿದು ಕಾದಿದ್ದಳು. ಅವಳಿಗೆ ಗೊತ್ತಿರಲಿಲ್ಲ, ಗುಬ್ಬಿಗೂ ಗೊತ್ತಿರಲಿಲ್ಲ.

"ಆ ಕಂಡಿ ತೋರಸ್ರಿ" ಎಂದು ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು.

ಒಳಕೋಣೆ ಈಗ ಕಾಳಿನ ಚೀಲಗಳ ಕೋಣೆ. ಕಲ್ಲು ಇದ್ದಲ್ಲೇ ಇದೆ. ಜಾಲಿಯ ಕೋಲಿನ ಜಾಗದಲ್ಲಿ ಕಬ್ಬಿಣದ ಸಲಾಕೆ ಬಂದಿದೆ. ಪೊಟರೆಯಲ್ಲಿ ಹಳೆಯ ಹುಲ್ಲಿನ ಧೂಳು. ಸಲಾಕೆಯ ಕೆಳಗೆ ನವಣೆ ಚೆಲ್ಲಿತ್ತು, ಇರುವೆಗಳು ಸಾಲು ಹಿಡಿದು ಹೊತ್ತೊಯ್ಯುತ್ತಿದ್ದವು. ಗುಬ್ಬಣ್ಣ ದಿನಾ ಮುಂಜಾನೆ ಒಂದು ಹಿಡಿ ಹಾಕುತ್ತಾನೆ. ಗುಬ್ಬಿ ಬರುವುದು ನಿಂತು ಹಲವು ವರ್ಷಗಳಾದವು. ಊರಲ್ಲೇ ಇಲ್ಲ.

"ಎಲ್ಲಿ ಹೋದವು?" ಎಂದಳು ಸ್ಫೂರ್ತಿ.

"ಗೊತ್ತಿಲ್ಲ."

"ಬೆಂಕಿ ಮಳಿ ಬಂದಿಲ್ಲಲ್ಲ, ಮತ್ತ ಯಾಕ ಹೋದವು?"

ಚೀಲದಿಂದ ಒಂದು ಹಿಡಿ ನವಣೆ ತೆಗೆದುಕೊಂಡೆ. ಇರುವೆಗೆ ಸಿಗದಿರಲಿ ಎಂದು ಸಲಾಕೆಗಳ ನಡುವೆ ಕೈ ತೂರಿಸಿ, ಕಂಡಿಯ ಹೊರಗೆ ಅಂಗೈ ಬಿಚ್ಚಿ ಹಿಡಿದು ನಿಂತೆ. ನವಣೆಯ ಮೇಲೆ ಮಳೆ ಹನಿಗಳು ಬಿದ್ದವು. ತಣ್ಣಗೇ ಇದ್ದವು.